ಮೃಗಯಾವಿನೋದ: ಒಂದು ಹೊಸ ಬಗೆಯ ಆಟದ ಪ್ರಥಮ ಪರಿಚಯ

ಬೇಟೆಯು ವಿನೋದವೋ ವ್ಯಸನವೋ ಎಂಬ ಚರ್ಚೆ ನಮ್ಮಲ್ಲಿ ಬಹು ಹಳೆಯದು. ಕಾಮದಿಂದ ಹುಟ್ಟತಕ್ಕ ಹತ್ತು ವ್ಯಸನಗಳನ್ನು ಎಣಿಸುವಾಗ ಮನುವು ಮೊಟ್ಟಮೊದಲು ಹೆಸರಿಸುವುದು ಮೃಗಯೆಯನ್ನೇ. ಜೂಜು, ಹಗಲುನಿದ್ದೆ ಮೊದಲಾದುವೆಲ್ಲ ಅನಂತರದವು. ಕಾಳಿದಾಸನ ಶಾಕುಂತಲದ ಎರಡನೆಯ ಅಂಕದಲ್ಲಾದರೋ ಸೇನಾಪತಿಯು ಇದಕ್ಕೆ ಪ್ರತಿಪಕ್ಷವಾಗಿ ನಿಂತು, ಬೇಟೆಯಿಂದ ಮೈಯ ಕೊಬ್ಬು ಕರಗಿ ಹಗುರವಾಗುತ್ತದೆಂದೂ, ಭಯದಲ್ಲಿಯೂ ಕೋಪದಲ್ಲಿಯೂ ಪ್ರಾಣಿಗಳ ಚಿತ್ತವು ಹೇಗೆ ವಿಕಾರಗೊಳ್ಳುತ್ತದೆಂಬುದು ತಿಳಿಯುತ್ತದೆಂದೂ, ಚಲಿಸುವ ಗುರಿಗೆ ಬಾಣವು ತಾಕುವುದರಲ್ಲಿಯೇ ಬಿಲ್ಲುಗಾರನ ಹೆಚ್ಚಳವಿದೆಯೆಂದೂ ವಾದಿಸುತ್ತಾನೆ. ಆದರೆ ಅದೇ ಅಂಕದಲ್ಲಿ ದುಷ್ಯಂತನು ಬೇಟೆಯನ್ನು ನಿಲ್ಲಿಸುವಂತೆ ಅಪ್ಪಣೆ ಕೊಡುತ್ತಾನೆ. ಸೇನಾಪತಿಯ ವಾದಕ್ಕೆ ಉತ್ತರ ಬಂದಂತಾಗಲಿಲ್ಲ. ಬೇಟೆ ಮಾತ್ರ ನಿಂತಿತು.

ಆ ವಾದವೇ ನಮ್ಮ ಕಾಲದಲ್ಲಿ ಮತ್ತೆ ತಲೆಯೆತ್ತಿದೆ. ಕಾಡಿನಲ್ಲಿ ಅಲ್ಲ, ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಗೆ ಎಡೆಯಿಲ್ಲ. ಅದು ಎದ್ದಿರುವುದು ಗೃಹಸ್ಥರ ನಡುಮನೆಯಲ್ಲಿ, ಟೆಲಿವಿಷನ್ ಪರದೆಯ ಮೇಲೆ. ಜಪಾನಿನ ಒಸಾಕಾ ನಗರದ ಕ್ಯಾಪ್‌ಕಾಮ್ ಎಂಬ ಸಂಸ್ಥೆಯವರು 2004ರಲ್ಲಿ ‘ಮಾನ್‌ಸ್ಟರ್ ಹಂಟರ್’ ಎಂಬ ಹೆಸರಿನ ವೀಡಿಯೋ ಗೇಮ್ ಒಂದನ್ನು ಹೊರತಂದರು. ಆ ಮಾಲೆಯಲ್ಲಿ 2018ನೆಯ ಇಸವಿ ಜನವರಿ ತಿಂಗಳಲ್ಲಿ ಬಂದ ‘ಮಾನ್‌ಸ್ಟರ್ ಹಂಟರ್: ವರ್ಲ್ಡ್’ ಎಂಬುದು ಪ್ರಪಂಚದಲ್ಲಿ ಎರಡು ಕೋಟಿಗೂ ಮಿಕ್ಕ ಪ್ರತಿಗಳಷ್ಟು ಮಾರಾಟವಾಗಿದೆ. 2025ರ ಫೆಬ್ರವರಿಯಲ್ಲಿ ಇದರ ತಮ್ಮನೆನ್ನಬಹುದಾದ ‘ವೈಲ್ಡ್ಸ್’ ಎಂಬ ಇನ್ನೊಂದು ಬಂದಿದೆಯಾದರೂ, ಈಗ ವಿಮರ್ಶೆಗೆ ತೆಗೆದುಕೊಂಡಿರುವುದು 2018ರದನ್ನು. ನಮ್ಮ ಮನೆಯಲ್ಲಿರುವುದು ಅದೇ.

ಸಾಹಿತ್ಯಪತ್ರಿಕೆಯಲ್ಲಿ ಹುಡುಗರ ಆಟದ ವಿಚಾರವೇಕೆ ಎಂದು ಕೆಲವರು ವಾಚಕರು ಆಕ್ಷೇಪಿಸಬಹುದು. ಅವರಿಗೆ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವನ್ನು ನೆನಪಿಗೆ ತರುತ್ತೇನೆ. ದೇವತೆಗಳು ಬ್ರಹ್ಮನಲ್ಲಿಗೆ ಹೋಗಿ ಬೇಡಿದ್ದು ಕಾವ್ಯವನ್ನಲ್ಲ, ಶಾಸ್ತ್ರವನ್ನಲ್ಲ. ನೋಡುವುದಕ್ಕೂ ಕೇಳುವುದಕ್ಕೂ ಆಗುವ ಒಂದು ‘ಕ್ರೀಡನೀಯಕ’ವನ್ನು, ಎಂದರೆ ಒಂದು ಆಟದ ವಸ್ತುವನ್ನು. ನಾಟ್ಯವೇ ಹೀಗೆ ಆಟಿಕೆಯಾಗಿ ಹುಟ್ಟಿದ ಮೇಲೆ, ನೋಡುವ ಕೇಳುವ ಆಟವೊಂದನ್ನು ರಸದ ಒರೆಗಲ್ಲಿಗೆ ಉಜ್ಜಿ ನೋಡುವುದರಲ್ಲಿ ಶಾಸ್ತ್ರವಿರೋಧವೇನೂ ಇಲ್ಲ. ನಾಟ್ಯದಲ್ಲಿ ಪ್ರೇಕ್ಷಕನು ಕುಳಿತಿರುತ್ತಾನೆ. ಇಲ್ಲಿ ಪ್ರೇಕ್ಷಕನೇ ಪಾತ್ರವಾಗಿ ಕೈಯಾಡಿಸುತ್ತಾನೆ. ಈ ಒಂದು ಭೇದದಿಂದ ಏನೇನು ಉಂಟಾಗುತ್ತದೆಂಬುದನ್ನು ಮುಂದೆ ನೋಡಬಹುದು.

ದಸರೆಯ ರಜೆಯಲ್ಲಿ ಮೊಮ್ಮಗನು ಘಾಟಿಗೆ ಬಂದು ನಮ್ಮಲ್ಲಿ ಇಳಿದುಕೊಂಡಿದ್ದಾಗ ಹನ್ನೆರಡು ದಿನ ಈ ಆಟವನ್ನು ಅವನ ಪಕ್ಕದಲ್ಲಿ ಕುಳಿತು ನೋಡಿದೆ. ಇನ್ನು ಮೂವರು ಹುಡುಗರು ಅವನೊಡನೆ ಆಡುತ್ತಿದ್ದರು: ಒಬ್ಬನು ದೊಡ್ಡಬಳ್ಳಾಪುರದಲ್ಲಿ, ಒಬ್ಬನು ದೇವನಹಳ್ಳಿಯಲ್ಲಿ, ಮತ್ತೊಬ್ಬನು ಹೊಸಕೋಟೆಯಲ್ಲಿ ತಂತಮ್ಮ ಮನೆಗಳಲ್ಲಿದ್ದು, ಇಂಟರ್ನೆಟ್ಟಿನ ಮೂಲಕ ಒಂದೇ ಕಾಡಿನಲ್ಲಿ ಕೂಡುತ್ತಿದ್ದರು. ಇಷ್ಟನ್ನು ಹೇಳಿದ್ದು ಈ ಲೇಖನದ ಪ್ರಮಾಣವೆಷ್ಟೆಂಬುದು ತಿಳಿದಿರಲೆಂದು.

ಆಟದ ಸ್ವರೂಪವಿಷ್ಟು. ಹೊಸದಾಗಿ ಕಂಡುಹಿಡಿದ ಒಂದು ಭೂಖಂಡಕ್ಕೆ ಬೇಟೆಗಾರರ ತಂಡವೊಂದು ಹಡಗಿನಲ್ಲಿ ಹೋಗಿ ಪಾಳೆಯ ಹೂಡಿದೆ. ಅಲ್ಲಿ ಮಹಾಮೃಗಗಳಿವೆ. ಬೇಟೆಗಾರನು ಪಾಳೆಯದಲ್ಲಿ ಒಂದು ಕಾರ್ಯವನ್ನು ಒಪ್ಪಿಕೊಂಡು, ಊಟ ಮಾಡಿ, ಆಯುಧವನ್ನು ಆರಿಸಿಕೊಂಡು, ಕಾಡಿಗೆ ಹೋಗಿ ಹೆಜ್ಜೆಗುರುತು, ಗೀರು, ಲೋಳೆ ಮೊದಲಾದ ಕುರುಹುಗಳನ್ನು ಹುಡುಕುತ್ತಾನೆ. ಮಿಣುಕುಹುಳುಗಳ ಒಂದು ಗುಂಪು ಆ ಕುರುಹುಗಳ ವಾಸನೆ ಹಿಡಿದು ಮುಂದೆ ಹಾರಿ ದಾರಿ ತೋರುತ್ತದೆ. ಕೊನೆಗೆ ಮೃಗವು ಕಾಣುತ್ತದೆ. ಕಾದಾಟ ಸುಮಾರು ಕಾಲು ಗಂಟೆಯಿಂದ ಅರ್ಧ ಗಂಟೆಯವರೆಗೆ ನಡೆಯುತ್ತದೆ. ನಡುವೆ ಕತ್ತಿ ಮೊಂಡಾದರೆ ಒಂದು ಮರೆಯಲ್ಲಿ ಕುಳಿತು ಸಾಣೆಕಲ್ಲಿಗೆ ಮಸೆದುಕೊಳ್ಳಬೇಕು. ಗೆದ್ದ ಮೇಲೆ ಮೃಗದ ಚರ್ಮ, ಮೂಳೆ, ಉಗುರುಗಳನ್ನು ಕೊಯ್ದು ತಂದು, ಕಮ್ಮಾರನಿಗೆ ಕೊಟ್ಟು ಕವಚವನ್ನೂ ಆಯುಧವನ್ನೂ ಮಾಡಿಸಿಕೊಳ್ಳುತ್ತಾನೆ. ಆ ಕವಚವನ್ನು ತೊಟ್ಟು ಅದಕ್ಕಿಂತ ದೊಡ್ಡದಾದ ಮೃಗದ ಮೇಲೆ ಹೋಗುತ್ತಾನೆ.

ಮೊದಲ ನೋಟಕ್ಕೆ ನಗೆ ಬರುವ ಸಂಗತಿಗಳು ಇಲ್ಲಿ ಬೇಕಾದಷ್ಟಿವೆ. ಆಳಿಗಿಂತ ಉದ್ದವಾದ ಖಡ್ಗವನ್ನು ಹುಡುಗಿಯೊಬ್ಬಳು ಬೆನ್ನಿಗೆ ಸಿಕ್ಕಿಸಿಕೊಂಡು ಓಡುತ್ತಾಳೆ. ಅಡಿಗೆಮನೆಯ ಯಜಮಾನ ಒಂದು ಬೆಕ್ಕು. ಮೃಗಗಳ ಹೆಸರುಗಳೂ ಕಿವಿಗೆ ವಿಚಿತ್ರವಾಗಿವೆ. ‘ರಥಾಲೋಸ್’ ಎಂಬುದಕ್ಕೂ ನಮ್ಮ ರಥಕ್ಕೂ ಸಂಬಂಧವಿಲ್ಲ. ‘ಅಂಜನಥ್’ ಎಂಬುದಾದರೋ ಅಂಜಿಸುವುದರಲ್ಲಿ ಹೆಸರಿಗೆ ತಕ್ಕಂತೆಯೇ ಇದೆ. ಇವನ್ನೆಲ್ಲ ದಾಟಿ ಎರಡು ಮೂರು ದಿನ ನೋಡಿದವನಿಗೆ ಈ ಆಟದ ಮುಖ್ಯವಾದ ಗುಣವೊಂದು ಗೋಚರವಾಗುತ್ತದೆ. ಅದು ಶೌರ್ಯವಲ್ಲ, ಅವಧಾನ.

ಸಾಮಾನ್ಯವಾಗಿ ಇಂಥ ಆಟಗಳಲ್ಲಿ ಶತ್ರುವಿನ ಪ್ರಾಣವೆಷ್ಟು ಉಳಿದಿದೆಯೆಂಬುದನ್ನು ತಲೆಯ ಮೇಲೆ ಒಂದು ಪಟ್ಟಿಯಂತೆ ತೋರಿಸುವುದುಂಟು. ಇಲ್ಲಿ ಅದನ್ನು ತೋರಿಸುವುದಿಲ್ಲ. ಮೃಗವು ದಣಿದಿದೆಯೆಂಬುದನ್ನು ಅದರ ಬಾಯಿಂದ ಸುರಿಯುವ ಜೊಲ್ಲಿನಿಂದ ತಿಳಿಯಬೇಕು. ಕೆರಳಿದೆಯೆಂಬುದನ್ನು ಉಸಿರಿನಿಂದ, ಕೂಗಿನಿಂದ, ನಡಿಗೆಯ ವೇಗದಿಂದ ತಿಳಿಯಬೇಕು. ಅಂಜನಥ್ ಎಂಬ ಭಾರಿಯ ಮೃಗವು ಕೆರಳಿದಾಗ ಅದರ ಮೂಗಿನ ಮೇಲೆ ಮಡಿಚಿಕೊಂಡಿರುವ ಪೊರೆಯೊಂದು ಎದ್ದು ನಿಲ್ಲುತ್ತದೆ. ಕೆಳಗೆ ಬೆಂಕಿ ಕೂಡಿಕೊಳ್ಳುತ್ತಿರುವಾಗ ಗಂಟಲು ಕೆಂಪಗಾಗುತ್ತದೆ. ಬಲ್ಲವನು ಆ ಕ್ಷಣದಲ್ಲಿ ಎದುರಿನಿಂದ ಸರಿದು ಪಕ್ಕಕ್ಕೆ ಬರುತ್ತಾನೆ, ಅರಿಯದವನು ಸುಟ್ಟುಹೋಗುತ್ತಾನೆ. ಕುಲು ಯಾ ಕು ಎಂಬ ಹಕ್ಕಿಯಂಥ ಪ್ರಾಣಿಯೊಂದು ಮೊಟ್ಟೆಗಳ್ಳ. ಅದು ಜಗಳಕ್ಕೆ ಬಿದ್ದಾಗ ನೆಲದಿಂದ ಒಂದು ಬಂಡೆಯನ್ನು ಕಿತ್ತು ಎದೆಗವಚಿಕೊಂಡು ಗುರಾಣಿಯಂತೆ ಹಿಡಿಯುತ್ತದೆ. ಗ್ರೇಟ್ ಜಾಗ್ರಾಸ್ ಎಂಬ ಉಡವು ಇಡೀ ಒಂದು ಸಾಧುಪ್ರಾಣಿಯನ್ನು ನುಂಗಿ, ಹೊಟ್ಟೆ ನೆಲಕ್ಕೆ ತಾಗುವಂತೆ ಊದಿಸಿಕೊಂಡು, ಹೊಟ್ಟೆಬಾಕನಾದ ಗೃಹಸ್ಥನು ಮದುವೆಯ ಊಟ ಮುಗಿಸಿ ಬರುವಂತೆ ಬರುತ್ತದೆ. ಎರಡು ಮಹಾಮೃಗಗಳು ಒಂದೇ ಜಾಗದಲ್ಲಿ ಸಂಧಿಸಿದರೆ ಬೇಟೆಗಾರನನ್ನು ಮರೆತು ತಮ್ಮ ಸೀಮೆಗಾಗಿ ತಾವೇ ಹೋರಾಡುತ್ತವೆ. ಜಾಣನಾದ ಬೇಟೆಗಾರನು ಪೊದೆಯಲ್ಲಿ ಕುಳಿತು ಅದು ಮುಗಿಯುವುದನ್ನು ಕಾಯುತ್ತಾನೆ.

ಶಾಕುಂತಲದ ಸೇನಾಪತಿಯು ಹೇಳಿದ ಗುಣಗಳಲ್ಲಿ ಮೈ ಹಗುರವಾಗುವುದೊಂದು ಈ ಆಟಕ್ಕೆ ಎಳ್ಳಷ್ಟೂ ಸಲ್ಲದು. ಹನ್ನೆರಡು ದಿನದಲ್ಲಿ ಮೊಮ್ಮಗನು ಕುಳಿತಲ್ಲಿಂದ ಎದ್ದದ್ದೇ ಅಪೂರ್ವ. ಆದರೆ ಎರಡನೆಯದು, ಭಯಕ್ರೋಧಗಳಲ್ಲಿ ಪ್ರಾಣಿಯ ಚಿತ್ತವನ್ನು ಓದುವ ವಿದ್ಯೆ, ಇಲ್ಲಿ ಸಂಪೂರ್ಣವಾಗಿ ಸಲ್ಲುತ್ತದೆ. ಪುಸ್ತಕದಲ್ಲಿ ಒಂದು ಪುಟವನ್ನು ಲಕ್ಷ್ಯವಿಟ್ಟು ಓದದ ಹುಡುಗರು ಒಂದು ಪಕ್ಷಿಯ ಕತ್ತಿನ ಓರೆಯನ್ನು ನೋಡಿ, ಮುಂದೆ ಅದು ಏನು ಮಾಡುತ್ತದೆಂಬುದನ್ನು ಹೇಳುವುದನ್ನು ಕೇಳಿದಾಗ ಉಪಾಧ್ಯಾಯನಾಗಿದ್ದವನಿಗೆ ಸಂತೋಷವೂ ಸ್ವಲ್ಪ ಹೊಟ್ಟೆಕಿಚ್ಚೂ ಆಗುವುದು ಸಹಜ.

ಮೃಗಗಳನ್ನು ಕಲ್ಪಿಸಿದವರ ಪ್ರತಿಭೆಗೆ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಒಂದು ಪ್ರಾಣಿಯ ತಲೆಗೆ ಇನ್ನೊಂದರ ದೇಹವನ್ನು ಹೊಂದಿಸಿ ಮೂರನೆಯದನ್ನು ಹುಟ್ಟಿಸುವ ಕಲೆ ನಮಗೆ ಹೊಸದಲ್ಲ. ಹೊಯ್ಸಳರ ಗುಡಿಗಳ ಮಕರವು ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಬಾಲಗಳನ್ನು ಕೂಡಿಸಿ ಮಾಡಿದ್ದು. ಕಂಬಗಳ ವ್ಯಾಳಗಳೂ ಅಂಥವೇ. ಆದರೆ ನಮ್ಮ ಮಕರವು ಅಲಂಕಾರ. ಅದು ಏನನ್ನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ ಎಂದು ಶಿಲ್ಪಿಯು ಕೇಳಿಕೊಳ್ಳಲಿಲ್ಲ, ಕೇಳಿಕೊಳ್ಳಬೇಕಾಗಿಯೂ ಇರಲಿಲ್ಲ. ಈ ಆಟದ ಶಿಲ್ಪಿಗಳು ಅದನ್ನು ಕೇಳಿಕೊಂಡಿದ್ದಾರೆ. ಅವರ ಒಂದೊಂದು ಮೃಗಕ್ಕೂ ಆಹಾರವುಂಟು, ಗೂಡುಂಟು, ಶತ್ರುವುಂಟು. ಎತ್ತರದಲ್ಲಿ ಹವಳದ ವನವೊಂದಿದೆ, ಬಣ್ಣಬಣ್ಣದ್ದು, ಶೃಂಗಾರಕ್ಕೆ ಉದ್ದೀಪನವಾಗತಕ್ಕದ್ದು. ಅದರ ಕೆಳಗೆ, ಅಲ್ಲಿ ಸತ್ತ ಪ್ರಾಣಿಗಳು ಉದುರಿ ಬಿದ್ದು ಕೊಳೆಯುವ ಕಣಿವೆಯೊಂದಿದೆ. ಹಳದಿಯ ವಿಷದ ಮಂಜು, ಎಲುಬಿನ ರಾಶಿ, ಮಾಂಸದ ಹಳ್ಳ. ಮೇಲಿನ ಚೆಲುವಿಗೆ ಕೆಳಗಿನ ಕೊಳೆತವೇ ಆಧಾರವೆಂಬುದನ್ನು ಒಂದು ಮಾತಿನ ವ್ಯಾಖ್ಯಾನವೂ ಇಲ್ಲದೆ ತೋರಿಸಿದ್ದಾರೆ. ಭವಭೂತಿಯ ಮಾಲತೀಮಾಧವದ ಐದನೆಯ ಅಂಕದ ಶ್ಮಶಾನವನ್ನು ಬಿಟ್ಟರೆ ಬೀಭತ್ಸಕ್ಕೆ ಇಷ್ಟು ಗೌರವ ಕೊಟ್ಟದ್ದನ್ನು ನಾನು ಕಂಡದ್ದು ಕಡಿಮೆ.

ಇನ್ನು ಸಹಕಾರದ ವಿಷಯ. ಒಂದು ಬೇಟೆಗೆ ನಾಲ್ವರವರೆಗೆ ಕೂಡಬಹುದು. ಆಯುಧಗಳಲ್ಲಿ ಹದಿನಾಲ್ಕು ಬಗೆ. ಅವುಗಳಲ್ಲಿ ನನಗೆ ಅತ್ಯಂತ ಸ್ವಾರಸ್ಯವಾಗಿ ಕಂಡದ್ದು ಬೇಟೆಯ ಕೊಂಬು. ಅದನ್ನು ಹಿಡಿದವನು ಹೊಡೆಯುವುದೂ ಅದರಿಂದಲೇ, ಊದುವುದೂ ಅದನ್ನೇ; ಸ್ವರಗಳನ್ನು ಒಂದು ಕ್ರಮದಲ್ಲಿ ನುಡಿಸಿದರೆ ಜೊತೆಗಾರರಿಗೆಲ್ಲ ಬಲ ಹೆಚ್ಚುತ್ತದೆ, ಮತ್ತೊಂದು ಕ್ರಮದಲ್ಲಿ ನುಡಿಸಿದರೆ ಗಾಯ ಮಾಯುತ್ತದೆ. ನಮ್ಮ ಹಳ್ಳಿಗಳ ಬೇಟೆಯಲ್ಲಿ ತಮಟೆಯವನಿಗಿದ್ದ ಸ್ಥಾನ ಇದು. ದೇವನಹಳ್ಳಿಯ ಹುಡುಗನು ಯಾವಾಗಲೂ ಇದನ್ನೇ ಆರಿಸುತ್ತಿದ್ದನು. ಅವನು ಇಲ್ಲದ ದಿನ ಮಿಕ್ಕ ಮೂವರ ಶೌರ್ಯಕ್ಕೆ ಏನೋ ಊನ ಬಂದಂತೆ ಕಾಣುತ್ತಿತ್ತು.

ಇಲ್ಲಿ ಬೇಟೆಗಾರನಿಗೆ ಸಾವಿಲ್ಲ. ಪೆಟ್ಟು ತಿಂದು ಬಿದ್ದರೆ ಬೆಕ್ಕುಗಳು ಅವನನ್ನು ಒಂದು ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದು ಬಿಡಾರದಲ್ಲಿ ಸುರಿದು ಹೋಗುತ್ತವೆ. ಆದರೆ ನಾಲ್ವರೊಳಗೆ ಒಟ್ಟು ಮೂರು ಸಲ ಹೀಗಾದರೆ ಸಾಮಾನ್ಯವಾಗಿ ಬೇಟೆಯೇ ವಿಫಲ; ಒಂದೊಂದು ಸಲಕ್ಕೂ ಬರತಕ್ಕ ಹಣದಲ್ಲಿ ಮೂರರಲ್ಲೊಂದು ಭಾಗ ಎಲ್ಲರಿಗೂ ಖೋತಾ. ಹೊಸಕೋಟೆಯ ಹುಡುಗನು ಚಿಕ್ಕವನು, ಕೈಚಳಕ ಸಾಲದು. ಒಂದೇ ಬೇಟೆಯಲ್ಲಿ ಎರಡು ಸಲ ಅವನು ಗಾಡಿಯೇರಿದ್ದನ್ನು ಕಂಡೆ. ಮಿಕ್ಕವರು ಬೈಯಬಹುದೆಂದು ಕಾದೆ. ಅವರು ಹೇಳಿದ್ದು ಇಷ್ಟೇ: “ಪರವಾಗಿಲ್ಲ ಮಗಾ, ನೀನು ಹಿಂದೆ ಇರು, ಬಾಲ ನೋಡ್ಕೋ.” ಈಗಿನ ಹುಡುಗರು ಸಮವಯಸ್ಕರನ್ನು ‘ಮಗಾ’ ಎಂದು ಕರೆಯುವುದು ನನ್ನ ಕಿವಿಗೆ ಹಿತವಲ್ಲ; ಆ ಹೊತ್ತಿನಲ್ಲಿ ಮಾತ್ರ ಆ ಶಬ್ದಕ್ಕೆ ಸ್ವಲ್ಪ ವಾತ್ಸಲ್ಯದ ಅರ್ಥವೂ ಬಂದಿತ್ತು.

ಹಂಚಿಕೆಯ ಕ್ರಮವಂತೂ ವಿಚಾರಮಾಡತಕ್ಕದ್ದು. ಭಾರವಿಯ ಕಿರಾತಾರ್ಜುನೀಯದಲ್ಲಿ ಹಂದಿ ಒಂದು, ಬಾಣಗಳು ಎರಡು. ಕೊಂದವರು ಯಾರೆಂಬ ವಿವಾದದಿಂದಲೇ ಮಹಾಯುದ್ಧ ಹುಟ್ಟುತ್ತದೆ. ಈ ಆಟದ ರಚನೆಕಾರರು ಆ ವಿವಾದದ ಬೇರನ್ನೇ ಕಿತ್ತಿದ್ದಾರೆ. ಬಿದ್ದ ಮೃಗದಿಂದ ನಾಲ್ವರೂ ತಲಾ ಮೂರು ಸಲ ಕೊಯ್ದುಕೊಳ್ಳಬಹುದು. ಒಬ್ಬನು ಕೊಯ್ದದ್ದರಿಂದ ಇನ್ನೊಬ್ಬನಿಗೆ ಕಡಿಮೆಯಾಗುವುದಿಲ್ಲ. ಕೊನೆಯ ಪೆಟ್ಟು ಯಾರದೆಂಬುದನ್ನು ಆಟವು ಕೇಳುವುದಿಲ್ಲ. ಸಹಕಾರಕ್ಕೆ ಇದರಿಂದ ಅನುಕೂಲವಾಗಿದೆ, ನಿಜ. ಆದರೆ ಲೋಕದಲ್ಲಿ ಸಹಕಾರವು ಕಷ್ಟವಾಗುವುದು ಹಂಚುವಾಗ ಕಡಿಮೆಯಾಗುವ ವಸ್ತುಗಳಲ್ಲಿ ತಾನೆ? ಅಕ್ಷಯಪಾತ್ರೆಯ ಮುಂದೆ ಕುಳಿತವರು ಜಗಳವಾಡಲಿಲ್ಲವೆಂದರೆ ಅದು ಅವರ ಗುಣವೋ ಪಾತ್ರೆಯ ಗುಣವೋ ಹೇಳುವುದು ಕಷ್ಟ. ಹೊಸಕೋಟೆಯ ಹುಡುಗನಿಗೆ ಅವರು ಹೇಳಿದ ಮಾತಿನಲ್ಲಿ ಎಲ್ಲರ ಹಣವೂ ಹೋಗುತ್ತಿತ್ತು. ಆದ್ದರಿಂದ ಅದನ್ನೇ ನಾನು ಹೆಚ್ಚಾಗಿ ಎಣಿಸುತ್ತೇನೆ.

ಕಥೆಯ ವಿಷಯವನ್ನು ಹೆಚ್ಚು ಬೆಳಸಬೇಕಾಗಿಲ್ಲ, ಅದು ತೆಳುವಾಗಿದೆ. ಪಾತ್ರಗಳು ಬೇಟೆಯಿಂದ ಬೇಟೆಗೆ ಕಳುಹಿಸುವುದಕ್ಕಾಗಿ ಮಾತನಾಡುತ್ತಾರೆ, ಅಷ್ಟೇ. ಭಾಷೆಯ ವಿಚಾರದಲ್ಲಿ ಒಂದು ಸಂಗತಿ: ಪಾತ್ರಗಳ ಮಾತನ್ನು ಇಂಗ್ಲಿಷಿನಲ್ಲಿಯೂ ಜಪಾನಿಯಲ್ಲಿಯೂ ಕೇಳಬಹುದು, ಅಷ್ಟೇ ಅಲ್ಲದೆ ಆ ಕಲ್ಪಿತ ಲೋಕದ ಕಲ್ಪಿತ ಭಾಷೆಯೊಂದರಲ್ಲಿಯೂ ಕೇಳಬಹುದು. ಎಲ್ಲಿಯೂ ಇಲ್ಲದ ಭಾಷೆಗೆ ಇರುವ ಸ್ಥಳ ಕನ್ನಡಕ್ಕಾಗಲಿ ಭಾರತದ ಇನ್ನಾವ ಭಾಷೆಗಾಗಲಿ ಅಲ್ಲಿಲ್ಲ. ಹುಡುಗರು ಕನ್ನಡದಲ್ಲಿ ಕೂಗಾಡಿಕೊಂಡು ಆ ಕೊರತೆಯನ್ನು ತುಂಬಿಕೊಳ್ಳುತ್ತಾರೆ.

ಈಗ ನನ್ನ ಮುಖ್ಯವಾದ ಆಕ್ಷೇಪಣೆಗೆ ಬರುತ್ತೇನೆ. ಅದು ರಸದ ಆಕ್ಷೇಪಣೆ.

ಮೃಗವು ಬಹಳ ಗಾಯಗೊಂಡ ಮೇಲೆ ಕಾದಾಟವನ್ನು ಬಿಟ್ಟು ಹಿಂದಿರುಗುತ್ತದೆ. ಒಂದು ಕಾಲನ್ನು ಎಳೆಯುತ್ತ, ಮುಗ್ಗರಿಸುತ್ತ, ತನ್ನ ಗೂಡಿನ ಕಡೆಗೆ ಹೋಗುತ್ತದೆ. ಅಲ್ಲಿ ಮಲಗಿ ನಿದ್ದೆಹೋಗುತ್ತದೆ. ಗಾಯವು ನಿದ್ದೆಯಲ್ಲಿ ಮಾಯಲೆಂದು. ರಥಾಲೋಸ್ ಎಂಬ ರೆಕ್ಕೆಯ ಮೃಗ, ಆ ಆಟದಲ್ಲಿ ಆಕಾಶದ ಅರಸು ಎನಿಸಿಕೊಂಡದ್ದು, ಮರದ ತುದಿಯ ಗೂಡಿನಲ್ಲಿ ರೆಕ್ಕೆಯನ್ನು ಮಡಿಸಿ ಮಲಗಿದ್ದನ್ನು ನೋಡಿದಾಗ ನನ್ನಲ್ಲಿ ಹುಟ್ಟಿದ್ದು ಉತ್ಸಾಹವಲ್ಲ, ಶೋಕ. ಇದು ಆಟವನ್ನು ರಚಿಸಿದವರ ಕೌಶಲದಿಂದಲೇ ಹುಟ್ಟಿದ್ದು. ಕಾಲು ಗಂಟೆ ಆ ಪ್ರಾಣಿಯ ಒಂದೊಂದು ಚೇಷ್ಟೆಯನ್ನೂ ಮನಸ್ಸಿಟ್ಟು ಓದುವಂತೆ ಮಾಡಿ, ಅದನ್ನು ನಮಗೆ ಪರಿಚಿತವಾಗಿಸಿದವರು ಅವರೇ. ಪರಿಚಯವಾದ ಮೇಲೆ ಕರುಣೆ ಹುಟ್ಟದೆ ಹೇಗೆ ಇದ್ದೀತು?

ಆದರೆ ಹುಟ್ಟಿದ ಕರುಣೆಗೆ ಆಟದಲ್ಲಿ ಎಡೆಯೇ ಇಲ್ಲ. ಇಲ್ಲಿ ಅನುಭವಿಗಳು ಮಾಡುವುದೇನೆಂದರೆ, ಮಲಗಿದ ಮೃಗದ ತಲೆಯ ಬಳಿ ಮದ್ದು ತುಂಬಿದ ಪೀಪಾಯಿಗಳನ್ನು ಸದ್ದಿಲ್ಲದೆ ಇಟ್ಟು, ದೂರ ನಿಂತು ಸಿಡಿಸುತ್ತಾರೆ. ನಿದ್ರಿಸುವ ಮೃಗಕ್ಕೆ ಬೀಳುವ ಮೊದಲ ಪೆಟ್ಟು ಹೆಚ್ಚು ಪರಿಣಾಮಕಾರಿಯೆಂದು ಆಟದ ಲೆಕ್ಕ. ನಮ್ಮ ಮಹಾಭಾರತದಲ್ಲಿ ಮಲಗಿದ್ದವರನ್ನು ಕೊಂದವನ ಕಥೆಗೆ ಒಂದು ಪರ್ವವೇ ಮೀಸಲಾಗಿದೆ. ಸೌಪ್ತಿಕಪರ್ವದ ಅಶ್ವತ್ಥಾಮನಿಗೆ ದೊರೆತ ಫಲ ಶಾಪ. ಇಲ್ಲಿ ದೊರೆಯುವ ಫಲ ಇಮ್ಮಡಿ ಏಟು.

ಇದನ್ನು ಮೊಮ್ಮಗನಿಗೆ ಹೇಳಿದಾಗ ಅವನು, “ತಾತಾ, ಅದು ಬರೀ ಗೇಮ್, ಅಲ್ಲಿ ಯಾವ ಪ್ರಾಣಿಯೂ ಇಲ್ಲ,” ಎಂದನು. ಪೂರ್ವಪಕ್ಷವು ಪ್ರಬಲವಾದದ್ದೇ. ಆದರೆ ಸೀತೆಯೂ ರಂಗದ ಮೇಲೆ ಇಲ್ಲ, ಇರುವವಳು ನಟಿ. ಆದರೂ ಉತ್ತರರಾಮಚರಿತವನ್ನು ನೋಡಿ ಕಣ್ಣೀರು ಬಂದರೆ ಅದನ್ನು ರಸವೆಂದೇ ಹೇಳುತ್ತೇವೆ. ಇಲ್ಲದ ಮೃಗವನ್ನು ಹೊಡೆದಾಗ ಆಗುವ ಉತ್ಸಾಹವನ್ನು ನಿಜವೆಂದು ಒಪ್ಪುವವನು, ಅದು ಕುಂಟುವಾಗ ಆಗುವ ಮರುಕವನ್ನು ಸುಳ್ಳೆಂದು ತಳ್ಳಿಹಾಕಲಾರನು.

ನಮ್ಮ ಕವಿಗಳು ಬೇಟೆಯನ್ನು ಬಿಡಲಿಲ್ಲ. ಸಾಹಿತ್ಯದರ್ಪಣವು ಮಹಾಕಾವ್ಯದ ವರ್ಣನೆಗಳಲ್ಲಿ ಮೃಗಯೆಯನ್ನು ಸೇರಿಸಿಯೇ ಇದೆ. ಅವರು ಬೇಟೆಯನ್ನು ಆದಷ್ಟು ರಮ್ಯವಾಗಿಯೇ ವರ್ಣಿಸುತ್ತಾರೆ. ಆದರೆ ಎಲ್ಲಿಯೋ ಒಂದು ಕಡೆ ಅದನ್ನು ತಡೆಯುವ ಧ್ವನಿಯೊಂದು ಕೇಳಿಬರುತ್ತದೆ. ದುಷ್ಯಂತನಿಗೆ ಅದು ತಪಸ್ವಿಯ ಧ್ವನಿಯಾಗಿ ಬಂತು, ಇದು ಆಶ್ರಮದ ಜಿಂಕೆ ಎಂದು. ರಘುವಂಶದ ಒಂಬತ್ತನೆಯ ಸರ್ಗದ ದಶರಥನಿಗೆ ಕೊಡದಲ್ಲಿ ನೀರು ತುಂಬುವ ಸದ್ದಾಗಿ ಬಂತು, ಆನೆಯೆಂದು ಬಾಣ ಬಿಟ್ಟನು. ಅದರ ಫಲ ರಾಮಾಯಣದುದ್ದಕ್ಕೂ ಹರಿಯಿತು. ಪಾಂಡುವಿಗೆ ಅದು ಜಿಂಕೆಯ ರೂಪದಲ್ಲಿದ್ದ ಮುನಿಯ ಶಾಪವಾಗಿ ಬಂತು. ಹೊಯ್ಸಳರ ಮೂಲಕಥೆಯಲ್ಲಿ ಮುನಿಯೇ ಸಳನಿಗೆ ಹೊಡೆಯೆಂದನಲ್ಲ ಎಂದು ಯಾರಾದರೂ ಕೇಳಿಯಾರು. ಹೌದು, ಹುಲಿ ಮೇಲೆ ಬೀಳುತ್ತಿದ್ದಾಗ ಹೇಳಿದನು. ಅದು ರಕ್ಷಣೆ, ಮೃಗಯೆಯಲ್ಲ. ಗೂಡಿಗೆ ಹೋಗಿ ಮಲಗಿದ ಹುಲಿಯ ಮೇಲೆ ಸಳನನ್ನು ಯಾವ ಮುನಿಯೂ ಬಿಟ್ಟಿಲ್ಲ.

ನ್ಯಾಯಕ್ಕಾಗಿ ಇದನ್ನೂ ಹೇಳಬೇಕು. ಕಥೆಯಲ್ಲಿ ಜೋರಾ ಮ್ಯಾಗ್ಡರೋಸ್ ಎಂಬ ಪರ್ವತದಷ್ಟು ದೊಡ್ಡ ಮೃಗವೊಂದಿದೆ. ಅದು ಆ ಹೊಸ ಭೂಮಿಗೆ ಸಾಯುವುದಕ್ಕೆಂದೇ ಬಂದದ್ದು. ಅದು ಅಲ್ಲಿಯೇ ಸತ್ತರೆ ದೇಹದ ಶಕ್ತಿಯಿಂದ ಆ ನಾಡೆಲ್ಲ ನಾಶವಾಗುವುದರಿಂದ, ಬೇಟೆಗಾರರು ಅದನ್ನು ಸಮುದ್ರಕ್ಕೆ ತಿರುಗಿಸಿ ಕಳುಹಿಸುತ್ತಾರೆ. ಇದು ಒಳ್ಳೆಯ ಕಲ್ಪನೆ. ಆದರೆ ಅದು ಒಂದು ಸಲ. ಕವಚಕ್ಕಾಗಿ ಕೊಲ್ಲುವುದು ನೂರು ಸಲ. ಇಂದು ಕೊಂದ ರಥಾಲೋಸ್ ನಾಳೆ ಮತ್ತೆ ಅದೇ ಗೂಡಿನಲ್ಲಿರುತ್ತದೆ. ಬೇಕಾದ ಒಂದು ಚಿಪ್ಪು ದೊರೆಯಲಿಲ್ಲವೆಂದು ಅದನ್ನೇ ಏಳು ಸಲ ಕೊಂದದ್ದನ್ನು ನೋಡಿದೆ. ಏಳನೆಯ ಸಲಕ್ಕೆ ಶೋಕವೂ ಇಲ್ಲ, ಉತ್ಸಾಹವೂ ಇಲ್ಲ. ಸಂತೆಯಲ್ಲಿ ಚೌಕಾಸಿ ಮಾಡುವವನ ಮುಖ. ಮೊದಲ ಬೇಟೆಯ ಅವಧಾನವನ್ನು ಈ ಪುನರಾವೃತ್ತಿಯು ತಿಂದುಹಾಕುತ್ತದೆಂಬುದೇ ನನ್ನ ದೂರು. ಮನುವು ವ್ಯಸನವೆಂದದ್ದು ಈ ಏಳನೆಯ ಬೇಟೆಯನ್ನೇ ಇರಬೇಕು.

ಕೊಂದ ಮೃಗಕ್ಕೆ ಸಲ್ಲಬೇಕಾದ ಮರ್ಯಾದೆಯ ವಿಷಯದಲ್ಲಿ ನಮ್ಮ ನಾಡಿನವರು ಬೇರೆಯಾಗಿ ಯೋಚಿಸಿದ್ದರು. ಕೊಡಗಿನಲ್ಲಿ ಹುಲಿಯನ್ನು ಕೊಂದವನಿಗೆ ‘ನರಿ ಮಂಗಲ’ವೆಂದು ಮದುವೆಯ ವಿಧಿಯನ್ನು ನಡೆಸುತ್ತಿದ್ದರು, ಅಲ್ಲಿಯ ಮಾತಿನಲ್ಲಿ ನರಿಯೆಂದರೆ ಹುಲಿ. ಇನ್ನೂ ಹಳೆಯದು ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಶಕ 872ರದು, ಎಂದರೆ ಕ್ರಿ. ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ಮೇಲೆ, ಗಂಗ ಬೂತುಗನು ತನ್ನ ಬಂಟ ಮಣಲೆರನ ಸಾಹಸಕ್ಕೆ ಮೆಚ್ಚಿ ಬೇಕಾದ್ದನ್ನು ಕೇಳೆನ್ನುತ್ತಾನೆ. ಮಣಲೆರನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ‘ಕಾಳಿ’ ಎಂಬ ನಾಯಿಯನ್ನು. ಆ ನಾಯಿಯನ್ನು ಒಂದು ಮಹಾವರಾಹದ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಪೂಜೆ ನಡೆಯುವಂತೆ ಏರ್ಪಾಡು ಮಾಡಿದರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆ ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರೆದುರಾಗಿ ಹೆಣಗುತ್ತಿವೆ. ಶಿಲ್ಪಿಯು ಹಂದಿಯನ್ನು ಚಿಕ್ಕದು ಮಾಡಿಲ್ಲ.

ನಮ್ಮ ಆಟದಲ್ಲಿಯೂ ಬೇಟೆಗಾರನಿಗೆ ಜೊತೆಗಾರನೊಂದುಂಟು, ಕವಚ ತೊಟ್ಟ ಬೆಕ್ಕು. ಗಾಯಕ್ಕೆ ಮದ್ದು ಕೊಡುತ್ತದೆ, ತಾನೂ ಹೊಡೆಯುತ್ತದೆ. ಬೇಟೆಗೆ ಇಬ್ಬರಿಗಿಂತ ಹೆಚ್ಚು ಜನ ಕೂಡಿದರೆ ಅದು ಹಿಂದುಳಿಯುತ್ತದೆ. ಹುಡುಗರಿಗೆ ಅದರ ಮೇಲೆ ಪ್ರೀತಿ ಬಹಳ. ಹೆಸರಿಡುತ್ತಾರೆ, ಟೋಪಿ ತೊಡಿಸುತ್ತಾರೆ. ಮೃಗಕ್ಕೆ ಮಾತ್ರ ಕಲ್ಲಿಲ್ಲ. ಅದರ ತಲೆಯು ಶಿರಸ್ತ್ರಾಣವಾಗುತ್ತದೆ.

ಘಾಟಿಯಲ್ಲಿ ವಾಸಿಸುವವನಿಗೆ ಇನ್ನೊಂದು ಪ್ರಶ್ನೆಯೂ ಬರುತ್ತದೆ, ನೆರೆಯ ಮನೆಯ ಹಿರಿಯರೊಬ್ಬರು ನನ್ನನ್ನು ಕೇಳಿಯೇ ಬಿಟ್ಟರು: “ಸುಬ್ರಹ್ಮಣ್ಯನ ಸನ್ನಿಧಿಯಲ್ಲಿ ಕೂತು ಹಾವಿನಂಥದನ್ನು ಕಡಿಯುವುದೇ ಮೇಷ್ಟ್ರೇ?” ಇಲ್ಲಿ ಗುಡಿಯ ಸುತ್ತ ನಾಗರಕಲ್ಲುಗಳ ಸಾಲು. ಗರ್ಭಗುಡಿಯಲ್ಲಿ ಏಳು ಹೆಡೆಯ ಸುಬ್ರಹ್ಮಣ್ಯನು ಪೂರ್ವಾಭಿಮುಖ, ಬೆನ್ನಿಗೆ ನರಸಿಂಹನು ಪಶ್ಚಿಮಾಭಿಮುಖ. ಹಿಂದಿರುವ ಕನ್ನಡಿಯಲ್ಲಿ ನರಸಿಂಹನ ದರ್ಶನ. ಗರುಡನಿಂದ ನಾಗಕುಲವನ್ನು ಕಾಪಾಡಬೇಕೆಂದು ಸುಬ್ರಹ್ಮಣ್ಯನು ಬೇಡಿದ್ದಕ್ಕಾಗಿ ನರಸಿಂಹನು ಬಂದು ನಿಂತನೆಂಬುದು ಸ್ಥಳಪುರಾಣ. ಆಟದ ಡ್ರಾಗನ್ನು ನಮ್ಮ ನಾಗವಲ್ಲ, ಆದ್ದರಿಂದ ನೆರೆಯವರ ಭಯಕ್ಕೆ ಕಾರಣವಿಲ್ಲವೆಂದು ಹೇಳಿದೆ. ಆದರೆ ಅದೇ ಸ್ಥಳದ ಕಥೆಯಲ್ಲಿ ಬೇಟೆಗೆ ಈಡಾಗುವವನ ಬೆನ್ನಿಗೆ ಒಬ್ಬನು ನಿಲ್ಲುತ್ತಾನೆ. ಅವರು ಕೇಳಿದ್ದರಲ್ಲಿ ಆ ಮಟ್ಟಿಗೆ ಅರ್ಥವಿತ್ತು.

ಮೃಗವನ್ನು ಕೊಲ್ಲದೆ ಹಿಡಿಯುವ ದಾರಿಯೂ ಆಟದಲ್ಲಿ ಇದೆಯೆಂಬುದನ್ನು ಇನ್ನೂ ಹೇಳಿಲ್ಲ. ಅದು ಕುಂಟುವಷ್ಟು ಸೋತಾಗ ಅದರ ಹಾದಿಯಲ್ಲಿ ಗುಂಡಿಯ ಬೋನನ್ನೋ ಮಿಂಚಿನ ಬೋನನ್ನೋ ಒಡ್ಡಿ, ಸಿಕ್ಕಿಕೊಂಡ ಮೇಲೆ ಮತ್ತಿನ ಹೊಗೆಯುಂಡೆಗಳನ್ನು ಎಸೆದರೆ ಮಲಗಿಬಿಡುತ್ತದೆ, ಬೇಟೆ ಗೆದ್ದಂತೆ. ಪ್ರತಿಫಲ ಹೆಚ್ಚು ಕಡಿಮೆ ಅಷ್ಟೇ. ಇದನ್ನು ನೋಡುವಾಗ ನಮ್ಮ ಹೆಗ್ಗಡದೇವನಕೋಟೆ ಸೀಮೆಯ ಕಾಕನಕೋಟೆಯ ಖೆಡ್ಡಾ ನೆನಪಾಯಿತು. ಮೈಸೂರು ಸಂಸ್ಥಾನದಲ್ಲಿ ಸ್ಯಾಂಡರ್ಸನ್ ಎಂಬಾತನು 1874ರಲ್ಲಿ ನಡೆಸಿ ತೋರಿಸಿದ ಆ ಕ್ರಮವು 1971ರ ಕೊನೆಯ ಖೆಡ್ಡಾದವರೆಗೂ ನಡೆಯಿತು: ನೂರಾರು ಜನ ಕಾಡನ್ನು ಸುತ್ತುಗಟ್ಟಿ, ತಮಟೆ ಬಡಿದು, ಪಳಗಿದ ಆನೆಗಳ ನೆರವಿನಿಂದ ಹಿಂಡನ್ನೇ ದಿಮ್ಮಿಯ ಬೇಲಿಯೊಳಕ್ಕೆ ಕೂಡುವುದು. ಅದೂ ನಿರ್ದಯವಾದದ್ದೇ, ಆದರೂ ಕಾಡನ್ನು ಬಲ್ಲ ಕುರುಬರಿಲ್ಲದೆ ಅದು ಸಾಗುತ್ತಿರಲಿಲ್ಲ, ಆನೆಯನ್ನು ಹಿಡಿಯುವುದಕ್ಕೆ ಆನೆಯೇ ಬೇಕಾಗಿತ್ತು.

ನಾಲ್ವರಲ್ಲಿ ಈ ಹಿಡಿಯುವ ಉಪಾಯವನ್ನು ಪ್ರತಿ ಸಲವೂ ಸೂಚಿಸುತ್ತಿದ್ದವನು ಹೊಸಕೋಟೆಯ ಆ ಚಿಕ್ಕ ಹುಡುಗ. “ಸಾಯಿಸೋದು ಬೇಡ, ಹಿಡಿದುಬಿಡೋಣ, ಬೇಗ ಮುಗೀತದೆ,” ಎಂದು ಅವನ ಮಾತು. ಬೇಗ ಮುಗಿಯುವುದು ನಿಜವೇ. ಮಿಕ್ಕವರೂ ಆ ಕಾರಣಕ್ಕೆ ಒಪ್ಪುತ್ತಿದ್ದರು, ಬೇರೆ ಕಾರಣವನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಆದರೆ ‘ಹಿರಿಯ ಡ್ರಾಗನ್ನು’ಗಳೆಂದು ಕರೆಯುವ ಕೊನೆಯ ಹಂತದ ಮೃಗಗಳಿಗೆ ಯಾವ ಬೋನೂ ನಾಟುವುದಿಲ್ಲವಂತೆ, ಅವುಗಳನ್ನು ಕೊಲ್ಲಬೇಕು, ಇಲ್ಲವೆ ಹೊಡೆದು ಓಡಿಸಬೇಕು. ಹುಡುಗರು ಅಲ್ಲಿಗೆ ಹೋಗುವಷ್ಟರಲ್ಲಿ ರಜೆ ಮುಗಿಯಿತು. ದೀಪಾವಳಿಗೆ ಮತ್ತೆ ಕೂಡುತ್ತಾರೆಂದು ಕೇಳಿದ್ದೇನೆ.